ಮೈ ಹೇಳಿದ್ದು, ಬಾಯಿ ಹೇಳಿದ್ದು: ವೆಸಾಡ್ ಒತ್ತಡ ಪ್ರಯೋಗದ ಪ್ರಕರಣ ಅಧ್ಯಯನ

ಎದುರಿಗೆ ಮೂವರು ಕೂತಿದ್ದಾರೆ. ಇವರು ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗದ ಪರಿಣತರು, ಇವರ ಮನಸ್ಸಿಗೆ ಬಂದರೆ ಮುಂದೆ ಕೆಲಸಕ್ಕೆ ಅನುಕೂಲವಾದೀತು ಎಂದು ಮೊದಲೇ ಕಿವಿಗೆ ಹಾಕಿರುತ್ತಾರೆ. ತಯಾರಿಗೆ ಸಿಗುವುದು ಮೂರೇ ನಿಮಿಷ. ಆಮೇಲೆ ಚೀಟಿ ನೋಡದೆ ಐದು ನಿಮಿಷ ನಿಮ್ಮ ಬಗ್ಗೆ, ನಿಮ್ಮ ಗುಣ ದೋಷಗಳ ಬಗ್ಗೆ ಮಾತಾಡಬೇಕು. ಮಾತು ಮುಗಿದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಅಪ್ಪಣೆ ಬರುತ್ತದೆ: 2023ರಿಂದ ಹದಿನೇಳು ಹದಿನೇಳಾಗಿ ಕಳೆಯುತ್ತ ಸೊನ್ನೆಯವರೆಗೆ ಬನ್ನಿ. 2006, 1989, 1972, 1955. ಎಲ್ಲಿ ತಪ್ಪಿದರೂ ಮತ್ತೆ 2023ರಿಂದ ಶುರು. ಸೊನ್ನೆ ಮುಟ್ಟಬೇಕಾದರೆ ಒಟ್ಟು 119 ಸಲ ಕಳೆಯಬೇಕು. ಐದು ನಿಮಿಷದೊಳಗೆ ಮುಗಿಸಬೇಕೆಂದರೆ ಒಂದೊಂದು ಕಳೆಯುವಿಕೆಗೂ ಎರಡೂವರೆ ಸೆಕೆಂಡು. ಮುಗಿಸುವುದು ಯಾರಿಂದಲೂ ಕಷ್ಟ. ಮುಗಿಸಲಿ ಎಂದು ಕೊಟ್ಟ ಲೆಕ್ಕವೂ ಅದಲ್ಲ.

ಹೀಗೆ ನಿಂತವರ ಎದೆಗೆ ಒಂದು ಪಟ್ಟಿ ಬಿಗಿದಿತ್ತು, ಮಣಿಕಟ್ಟಿನಲ್ಲಿ ವಾಚಿನಂಥ ಒಂದು ಸಾಧನವಿತ್ತು. ಜರ್ಮನಿಯಲ್ಲಿ ನಡೆದ ಈ ಪ್ರಯೋಗದ ಹೆಸರು ವೆಸಾಡ್. ಮೈಮೇಲೆ ತೊಡುವ ಸಾಧನಗಳಿಂದ ಒತ್ತಡವನ್ನೂ ಭಾವನೆಯನ್ನೂ ಪತ್ತೆ ಹಚ್ಚಬಹುದೇ ಎಂದು ನೋಡುವುದು ಅದರ ಉದ್ದೇಶ. ಫಿಲಿಪ್ ಷ್ಮಿಟ್, ಅಟಿಲ್ಲಾ ರೈಸ್, ರಾಬರ್ಟ್ ಡ್ಯೂರಿಶೆನ್, ಕ್ಲಾಸ್ ಮಾರ್ಬರ್ಗರ್ ಮತ್ತು ಕ್ರಿಸ್ಟಾಫ್ ವಾನ್ ಲಾರ್ಹೋವನ್ ಇದನ್ನು 2018ರ ಅಕ್ಟೋಬರ್‌ನಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಮಂಡಿಸಿದರು. ಆಡುಗೋಡಿಯ ಮೈಕೋ ಕಾರ್ಖಾನೆಯಿಂದಾಗಿ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಬಾಷ್ ಕಂಪನಿಯ ಸಂಶೋಧನಾ ವಿಭಾಗ ಮತ್ತು ಸೀಗನ್ ವಿಶ್ವವಿದ್ಯಾಲಯ ಇದರ ಹಿಂದಿದ್ದವು. ದಾಖಲಾದ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸುವಂತೆ ಬಿಟ್ಟುಕೊಟ್ಟರು. ಹಾಗಾಗಿ ಮಷೀನ್ ಲರ್ನಿಂಗ್‌ನಿಂದ ಒತ್ತಡ ಅಳೆಯುವ ಪ್ರಾಜೆಕ್ಟ್ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳು ಇವತ್ತಿಗೂ ಮೊದಲು ಬಂದು ಮುಟ್ಟುವ ಬಾಗಿಲುಗಳಲ್ಲಿ ಇದೂ ಒಂದು.

ಈ ಪ್ರಯೋಗದಿಂದ ಹೊರಬಂದು ಎಲ್ಲೆಡೆ ಓಡಾಡುವ ಒಂದು ಸಂಖ್ಯೆ ಇದೆ: ಶೇ. 93. ಒತ್ತಡ ಇದೆಯೇ ಇಲ್ಲವೇ ಎಂಬುದನ್ನು ಯಂತ್ರ, ಅಂದರೆ ಈ ದತ್ತಾಂಶದಿಂದ ಕಲಿತ ಕಂಪ್ಯೂಟರ್ ಪ್ರೋಗ್ರಾಂ, ಅಷ್ಟು ನಿಖರವಾಗಿ ಹೇಳಿತು. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದು ಯಾವ ಪ್ರಶ್ನೆಗೆ ಬಂದ ಉತ್ತರ ಎನ್ನುವುದನ್ನು ನೋಡದೆ ಉತ್ತರವನ್ನಷ್ಟೇ ಎತ್ತಿಕೊಂಡು ಹೋಗುವವರೇ ಹೆಚ್ಚು. ಒತ್ತಡದಲ್ಲಿದ್ದೀರಿ ಎಂದು ಯಂತ್ರಕ್ಕೆ ಹೇಳಿಕೊಟ್ಟವರು ಯಾರು? ಭಾಗವಹಿಸಿದವರು ಹೇಳಿಕೊಟ್ಟರೇ, ಅವರ ಮೈ ಹೇಳಿಕೊಟ್ಟಿತೇ, ಅಥವಾ ಪ್ರಯೋಗದ ವೇಳಾಪಟ್ಟಿಯೇ? ಈ ಪ್ರಕರಣವನ್ನು ಆರಿಸಿಕೊಂಡಿದ್ದು ಇದೇ ಕಾರಣಕ್ಕೆ. ಇಲ್ಲಿ ಮೈಯ ಸಂಕೇತವೂ ಪ್ರಶ್ನಾವಳಿಯ ಉತ್ತರವೂ ಒಂದೇ ಫೋಲ್ಡರ್‌ನಲ್ಲಿ ಪಕ್ಕಪಕ್ಕದಲ್ಲಿವೆ. ಎರಡನ್ನೂ ತೆರೆದು ನೋಡುವ ಅವಕಾಶ ಎಲ್ಲರಿಗೂ ಇದೆ.

ಎರಡು ಗಂಟೆಯ ಕಥೆ

ಭಾಗವಹಿಸಿದವರು 17 ಮಂದಿ. ಇಬ್ಬರ ಸಾಧನಗಳು ಕೈಕೊಟ್ಟಿದ್ದರಿಂದ ಉಳಿದಿದ್ದು 15. ಅವರಲ್ಲಿ 12 ಗಂಡಸರು, ಮೂವರು ಹೆಂಗಸರು. ಸರಾಸರಿ ವಯಸ್ಸು 27.5. ಎಲ್ಲರೂ ಅದೇ ಸಂಶೋಧನಾ ಕೇಂದ್ರದಲ್ಲಿದ್ದ ಉನ್ನತ ವ್ಯಾಸಂಗದ ವಿದ್ಯಾರ್ಥಿಗಳು. ಗರ್ಭಿಣಿಯರು, ವಿಪರೀತ ಸಿಗರೇಟು ಸೇದುವವರು, ಮಾನಸಿಕ ಕಾಯಿಲೆ, ಹೃದಯದ ತೊಂದರೆ ಅಥವಾ ದೀರ್ಘಕಾಲದ ಕಾಯಿಲೆ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ. ಅಂದರೆ ಒತ್ತಡದ ಅಳತೆ ಯಾರಿಗೆ ನಿಜವಾಗಿ ಬೇಕೋ ಅವರಲ್ಲಿ ಬಹುಪಾಲು ಮಂದಿ ಬಾಗಿಲಲ್ಲೇ ಉಳಿದರು. ಪ್ರಯೋಗಾಲಯದ ಅಧ್ಯಯನದಲ್ಲಿ ಹೀಗೆ ಮಾಡುವುದು ತಪ್ಪಲ್ಲ. ಮೊದಲು ಗೊಂದಲವಿಲ್ಲದ ಮೈಯಲ್ಲಿ ಸಂಕೇತ ಸಿಗುತ್ತದೆಯೇ ಎಂದು ನೋಡಲೇಬೇಕು. ಆದರೆ ಫಲಿತಾಂಶ ಓದುವಾಗ ಈ ಹದಿನೈದು ಜನರ ಗುರುತು ಮರೆಯುವಂತಿಲ್ಲ.

ಇಡೀ ಪ್ರಯೋಗ ಸುಮಾರು ಎರಡು ಗಂಟೆಯದು. ಮೊದಲ 20 ನಿಮಿಷ ಮೇಜಿನ ಬಳಿ ಕೂತೋ ನಿಂತೋ ಯಾವ ಉದ್ವೇಗವನ್ನೂ ತರದಂಥ ಪತ್ರಿಕೆ ಓದುವುದು. ಇದು ಸಹಜ ಸ್ಥಿತಿ, ಮುಂದಿನದನ್ನೆಲ್ಲ ಹೋಲಿಸಿ ನೋಡಲು ಬೇಕಾದ ನೆಲಮಟ್ಟ. ಆಮೇಲೆ ಹನ್ನೊಂದು ತಮಾಷೆಯ ವಿಡಿಯೊ ತುಣುಕುಗಳು, ಎಲ್ಲ ಸೇರಿ 392 ಸೆಕೆಂಡು. ಇನ್ನೊಂದು ಹಂತದಲ್ಲಿ ಮೊದಲು ಹೇಳಿದ ಭಾಷಣ ಮತ್ತು ಲೆಕ್ಕ, ಸುಮಾರು ಹತ್ತು ನಿಮಿಷ. ವಿಡಿಯೊ ಮೊದಲೋ ಭಾಷಣ ಮೊದಲೋ ಎಂಬುದನ್ನು ಬೇರೆ ಬೇರೆಯವರಿಗೆ ಅದಲು ಬದಲು ಮಾಡಿದ್ದರು. ಎರಡರ ನಂತರವೂ ಕಣ್ಣು ಮುಚ್ಚಿ, ಧ್ವನಿಮುದ್ರಣ ಹೇಳಿದಂತೆ ಏಳು ನಿಮಿಷ ಉಸಿರಿನ ಕಡೆ ಗಮನವಿಡುವ ಧ್ಯಾನ. ಕದಡಿದ ಮೈ ಮತ್ತೆ ತಿಳಿಯಾಗಲಿ ಎಂಬ ಉದ್ದೇಶ ಅದಕ್ಕೆ.

ಭಾಷಣ ಮತ್ತು ಲೆಕ್ಕದ ಭಾಗ ಈ ತಂಡದವರು ಹೊಸದಾಗಿ ಹುಟ್ಟಿಸಿದ್ದಲ್ಲ. ಜರ್ಮನಿಯದೇ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ ಕ್ಲೆಮೆನ್ಸ್ ಕಿರ್ಷ್‌ಬಾಮ್, ಕಾರ್ಲ್ ಮಾರ್ಟಿನ್ ಪಿರ್ಕೆ ಮತ್ತು ಡಿರ್ಕ್ ಹೆಲ್‌ಹಾಮರ್ 1993ರಲ್ಲಿ ಪ್ರಕಟಿಸಿದ ಟ್ರಿಯರ್ ಪರೀಕ್ಷೆ ಅದು. ಮೂಲದಲ್ಲಿ 1022ರಿಂದ 13 ಕಳೆಯಬೇಕಿತ್ತು. ಪ್ರಯೋಗಾಲಯದಲ್ಲಿ ಒಬ್ಬರನ್ನು ನಂಬಿಕೆಯಾಗುವಷ್ಟು ಒತ್ತಡಕ್ಕೆ ತಳ್ಳುವುದು ಸುಲಭವಲ್ಲ. ಐಸ್ ನೀರಿನಲ್ಲಿ ಕೈ ಅದ್ದಿಸಿದರೆ ನೋವಾಗುತ್ತದೆ, ಜೋರಾಗಿ ಸದ್ದು ಮಾಡಿದರೆ ಬೆಚ್ಚುತ್ತಾರೆ, ಅಷ್ಟೇ. ಈ ಪರೀಕ್ಷೆ ಮಾತ್ರ ಬಹುಪಾಲು ಜನರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನೇ ಏರಿಸುತ್ತದೆ. ಯಾಕೆ ಎನ್ನುವುದಕ್ಕೆ 2004ರಲ್ಲಿ ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮಿನಿ 208 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ ಉತ್ತರ ಕೊಟ್ಟರು. ನಾಲ್ಕು ಜನ ನಮ್ಮನ್ನು ಅಳೆಯುತ್ತಿದ್ದಾರೆ ಎಂಬ ಅರಿವು, ಜೊತೆಗೆ ಏನು ಮಾಡಿದರೂ ಪರಿಸ್ಥಿತಿ ನಮ್ಮ ಹಿಡಿತಕ್ಕೆ ಸಿಗುತ್ತಿಲ್ಲ ಎಂಬ ಭಾವ. ಇವೆರಡೂ ಕೂಡಿದಾಗಲೇ ಕಾರ್ಟಿಸಾಲ್ ಅತಿ ಹೆಚ್ಚು ಏರುತ್ತದೆ. ಹಾಗಾಗಿ ಮುಗಿಯದ ಲೆಕ್ಕ ಮತ್ತು ಎದುರು ಕೂತ ಮೂವರು, ಎರಡೂ ಬೇಕು. ಒಂದನ್ನು ತೆಗೆದರೆ ಪರೀಕ್ಷೆಯ ಬಿಸಿ ಇಳಿದುಹೋಗುತ್ತದೆ.

ಮೈ ಏನು ಹೇಳಿತು

ಎದೆಪಟ್ಟಿಯ ಹೆಸರು ರೆಸ್ಪಿಬ್ಯಾನ್. ಅದು ಹೃದಯದ ಇಸಿಜಿ, ಚರ್ಮದ ವಿದ್ಯುತ್ ವಾಹಕತೆ, ಸ್ನಾಯುವಿನ ಚಟುವಟಿಕೆ, ಉಸಿರಾಟ, ಚರ್ಮದ ಉಷ್ಣತೆ ಮತ್ತು ಮೈಯ ಚಲನೆಯನ್ನು ಸೆಕೆಂಡಿಗೆ 700 ಸಲ ಬರೆದುಕೊಳ್ಳುತ್ತದೆ. ಮಣಿಕಟ್ಟಿನದು ಎಂಪ್ಯಾಟಿಕಾ ಇ4. ಅದು ರಕ್ತದ ಹರಿವಿನ ಮಿಡಿತವನ್ನು ಬೆಳಕಿನಿಂದ ಸೆಕೆಂಡಿಗೆ 64 ಸಲ, ಚಲನೆಯನ್ನು 32 ಸಲ, ಚರ್ಮದ ವಾಹಕತೆ ಮತ್ತು ಉಷ್ಣತೆಯನ್ನು 4 ಸಲ ಅಳೆಯುತ್ತದೆ.

ಈ ಅಂಕಿಗಳಲ್ಲಿ ಒಂದು ಸೂಕ್ಷ್ಮವಿದೆ. ಚರ್ಮದ ವಾಹಕತೆ ನಿಧಾನಿ. ಒಂದು ಗಾಬರಿಯ ಸುದ್ದಿ ಕಿವಿಗೆ ಬಿದ್ದ ಮೇಲೆ ಬೆವರು ಗ್ರಂಥಿ ತುಂಬಿ ವಾಹಕತೆ ಏರತೊಡಗುವುದಕ್ಕೆ ಒಂದರಿಂದ ಮೂರು ಸೆಕೆಂಡು ಹಿಡಿಯುತ್ತದೆ. ಅದಕ್ಕೆ ಸೆಕೆಂಡಿಗೆ ನಾಲ್ಕು ಅಳತೆ ಸಾಕು. ಹೃದಯದ ವಿಷಯ ಹಾಗಲ್ಲ. ಎರಡು ಬಡಿತಗಳ ನಡುವಿನ ಅಂತರ ಒಮ್ಮೆ 820 ಮಿಲಿಸೆಕೆಂಡು, ಮುಂದಿನ ಸಲ 855, ಆಮೇಲೆ 840 ಎಂದು ಸದಾ ಏರುಪೇರಾಗುತ್ತಲೇ ಇರುತ್ತದೆ. ಆರಾಮವಾಗಿ ಉಸಿರಾಡುವ ಆರೋಗ್ಯವಂತರಲ್ಲಿ ಈ ಏರುಪೇರು ಹೆಚ್ಚು. ಒತ್ತಡದಲ್ಲಿ ಬಡಿತ ಜೋರಾಗುತ್ತದೆ, ಅಂತರಗಳು ಒಂದೇ ಸಮನಾಗತೊಡಗುತ್ತವೆ. ಈ ಕೆಲವೇ ಹತ್ತು ಮಿಲಿಸೆಕೆಂಡುಗಳ ವ್ಯತ್ಯಾಸ ಹಿಡಿಯಬೇಕಾದರೆ ಸೆಕೆಂಡಿಗೆ 64 ಅಳತೆ ಸಾಲದು, ಯಾಕೆಂದರೆ ಒಂದು ಅಳತೆಗೂ ಮುಂದಿನದಕ್ಕೂ ನಡುವೆ ಸುಮಾರು 16 ಮಿಲಿಸೆಕೆಂಡು ಜಾರಿಹೋಗಿರುತ್ತದೆ. ಇಸಿಜಿಯ 700ರಲ್ಲಿ ಅದು ಒಂದೂವರೆಗಿಂತ ಕಡಿಮೆ. ಮಣಿಕಟ್ಟಿಗಿಂತ ಎದೆಪಟ್ಟಿಯ ಫಲಿತಾಂಶ ಮೇಲಿದ್ದುದಕ್ಕೆ ಇದೊಂದೇ ಕಾರಣವಲ್ಲ, ಕೈ ಅಲ್ಲಾಡಿದಾಗೆಲ್ಲ ಬೆಳಕಿನ ಅಳತೆ ಕೆಡುತ್ತದೆ ಎನ್ನುವುದೂ ಇದೆ. ಆದರೆ ವಾಚು ಹೇಳುವ ಹೃದಯ ಬಡಿತದ ಏರುಪೇರನ್ನು ಆಸ್ಪತ್ರೆಯ ಇಸಿಜಿಗೆ ಸಮ ಎಂದುಕೊಳ್ಳುವವರು ಇಷ್ಟನ್ನು ತಿಳಿದಿರಬೇಕು.

ಚರ್ಮದ ವಾಹಕತೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಭಾವನೆಯ ಅಳತೆಯಲ್ಲಿ ಅದು ಹಳೆಯ ಹಿರಿಯರಲ್ಲಿ ಒಂದು. ಫ್ರಾನ್ಸಿನ ಷಾರ್ಲ್ ಫೆರೆ 1888ರಲ್ಲೇ ಭಾವನೆ ಕದಡಿದಾಗ ಚರ್ಮ ವಿದ್ಯುತ್ತನ್ನು ಹೆಚ್ಚು ಸರಾಗವಾಗಿ ಹಾಯಿಸುತ್ತದೆ ಎಂದು ತೋರಿಸಿದ್ದ. ಇದರ ಹಿಂದಿರುವುದು ಬೆವರು ಗ್ರಂಥಿಗಳು. ಅವು ಸಿಂಪಥೆಟಿಕ್ ನರವ್ಯೂಹದ ಹಿಡಿತದಲ್ಲಿವೆ. ಓಡು, ಎದುರಿಸು ಎಂದು ಮೈಯನ್ನು ಸಜ್ಜುಗೊಳಿಸುವ ವ್ಯೂಹ ಅದು. ಹೃದಯಕ್ಕೆ ವೇಗ ಹೆಚ್ಚಿಸುವ ನರ ಒಂದು, ತಗ್ಗಿಸುವ ನರ ಇನ್ನೊಂದು ಇದೆ. ಬೆವರು ಗ್ರಂಥಿಗೆ ಹೀಗೆ ಎಳೆದಾಡುವವರಿಲ್ಲ. ಆದ್ದರಿಂದ ವಾಹಕತೆ ಏರಿದರೆ ಸಿಂಪಥೆಟಿಕ್ ವ್ಯೂಹ ಎಚ್ಚರಗೊಂಡಿದೆ ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಯಾಕೆ ಎಚ್ಚರಗೊಂಡಿತು ಎಂದು ಮಾತ್ರ ಹೇಳಲಾಗದು. ಎಸ್ಸೆಸ್ಸೆಲ್ಸಿ ಫಲಿತಾಂಶದ ಪುಟ ತೆರೆದುಕೊಳ್ಳುವುದನ್ನು ಕಾಯುವ ಹುಡುಗಿಯ ಅಂಗೈ, ಮುಂದೆ ಕಾಣುವುದು ರ‍್ಯಾಂಕೇ ಆದರೂ ಫೇಲೇ ಆದರೂ, ಒಂದೇ ರೀತಿ ಬೆವರುತ್ತದೆ.

ಮನಶ್ಶಾಸ್ತ್ರದವರು ಇದನ್ನು ಎರಡು ಗೆರೆಗಳ ಮೇಲೆ ಇಟ್ಟು ನೋಡುತ್ತಾರೆ. ಒಂದು, ಉದ್ರೇಕ ಎಷ್ಟಿದೆ. ಇನ್ನೊಂದು, ಅದು ಹಿತವೋ ಅಹಿತವೋ. ಜೇಮ್ಸ್ ರಸೆಲ್ 1980ರಲ್ಲಿ ಭಾವನೆಗಳನ್ನು ಈ ಎರಡು ಗೆರೆಗಳ ಸುತ್ತ ವೃತ್ತದಂತೆ ಜೋಡಿಸಿ ತೋರಿಸಿದ. ಮೈಯ ಸಂಕೇತಗಳು ಮೊದಲನೆಯ ಗೆರೆಯನ್ನು ಚೆನ್ನಾಗಿ ಹಿಡಿಯುತ್ತವೆ, ಎರಡನೆಯದರಲ್ಲಿ ತಡವರಿಸುತ್ತವೆ. ವೆಸಾಡ್‌ನ ಫಲಿತಾಂಶದಲ್ಲೂ ಇದೇ ಕಾಣುತ್ತದೆ. ಒತ್ತಡವೋ ಅಲ್ಲವೋ ಎಂಬ ಎರಡು ಗುಂಪಿನ ಪ್ರಶ್ನೆಗೆ ಶೇ. 93ರವರೆಗೆ ಬಂದ ನಿಖರತೆ, ಸಹಜ, ಒತ್ತಡ, ವಿನೋದ ಎಂಬ ಮೂರು ಗುಂಪಿನ ಪ್ರಶ್ನೆಗೆ ಶೇ. 80ಕ್ಕೆ ಇಳಿಯಿತು. ಎಡವಿದ್ದು ಮುಖ್ಯವಾಗಿ ವಿನೋದ ಮತ್ತು ಸಹಜ ಸ್ಥಿತಿಯ ನಡುವೆ. ಆರೂವರೆ ನಿಮಿಷ ತಮಾಷೆಯ ವಿಡಿಯೊ ನೋಡಿದವರ ಮೈ, ಪತ್ರಿಕೆ ಓದಿದವರ ಮೈಗಿಂತ ಹೆಚ್ಚೇನೂ ಬೇರೆಯಾಗಿರಲಿಲ್ಲ.

ಬಾಯಿ ಏನು ಹೇಳಿತು

ಒಂದೊಂದು ಹಂತ ಮುಗಿದಾಗಲೂ ಪ್ರಶ್ನಾವಳಿ ತುಂಬಬೇಕಿತ್ತು. ಓದು, ಭಾಷಣ, ವಿಡಿಯೊ, ಎರಡು ಧ್ಯಾನ, ಒಟ್ಟು ಐದು ಸಲ.

ಮೊದಲನೆಯದು ಪ್ಯಾನಾಸ್. ಡೇವಿಡ್ ವಾಟ್ಸನ್, ಲೀ ಆನ್ನಾ ಕ್ಲಾರ್ಕ್ ಮತ್ತು ಆಕ್ ಟೆಲೆಗನ್ 1988ರಲ್ಲಿ ರೂಪಿಸಿದ್ದು. ಇಪ್ಪತ್ತು ಪದಗಳು. ಆಸಕ್ತಿ, ಹೆಮ್ಮೆ, ಉತ್ಸಾಹದಂಥ ಹತ್ತು ಹಿತದ ಕಡೆಗೆ, ಹೆದರಿಕೆ, ನಾಚಿಕೆ, ಚಡಪಡಿಕೆಯಂಥ ಹತ್ತು ಅಹಿತದ ಕಡೆಗೆ. ಈ ಕ್ಷಣ ನಿಮಗೆ ಇದು ಎಷ್ಟರಮಟ್ಟಿಗೆ ಅನ್ನಿಸುತ್ತಿದೆ ಎಂದು 1ರಿಂದ 5ರೊಳಗೆ ಗುರುತು ಹಾಕಬೇಕು. ವೆಸಾಡ್ ತಂಡ ಇದಕ್ಕೆ ಒತ್ತಡ, ಹತಾಶೆ, ಸಂತೋಷ, ದುಃಖ ಮೊದಲಾದ ಕೆಲವು ಪದಗಳನ್ನು ಸೇರಿಸಿತು. ಪ್ಯಾನಾಸ್ ಬಳಸುವವರು ಗಮನಿಸಬೇಕಾದ್ದು, ಅದರ ಎರಡು ಮೊತ್ತಗಳೂ ಸ್ವತಂತ್ರ. ಹಿತದ ಮೊತ್ತ ಏರಿತೆಂದರೆ ಅಹಿತದ್ದು ಇಳಿಯಿತು ಎಂದಲ್ಲ. ಭಾಷಣ ಮುಗಿಸಿದವರು ಚುರುಕೂ ಆಗಿರಬಹುದು, ಅಂಜಿಯೂ ಇರಬಹುದು. ಒಂದರಿಂದ ಇನ್ನೊಂದನ್ನು ಕಳೆದು ಒಂದೇ ಅಂಕಿ ಮಾಡಿಕೊಂಡರೆ ಈ ಸಂಗತಿಯೇ ಅಳಿಸಿಹೋಗುತ್ತದೆ.

ಎರಡನೆಯದು ಚಾರ್ಲ್ಸ್ ಸ್ಪೀಲ್‌ಬರ್ಗರ್ ಅವರ ಆತಂಕ ಮಾಪನದಿಂದ ಎತ್ತಿಕೊಂಡ ಆರು ವಾಕ್ಯಗಳು. ನಿರಾಳವಾಗಿದ್ದೇನೆ, ಅಳುಕಾಗುತ್ತಿದೆ, ಚಿಂತೆಯಾಗಿದೆ ಎಂಬಂಥವು. ಇವಕ್ಕೆ 1ರಿಂದ 4. ಮೂರನೆಯದರಲ್ಲಿ ಪದಗಳೇ ಇಲ್ಲ, ಬರೀ ಚಿತ್ರ. ಒಂದು ಸಾಲಿನಲ್ಲಿ ನಗುಮುಖದಿಂದ ಸಪ್ಪೆಮುಖದವರೆಗಿನ ಬೊಂಬೆಗಳು, ಇನ್ನೊಂದು ಸಾಲಿನಲ್ಲಿ ಒಳಗೆ ಏನೋ ಸಿಡಿದಂತಿರುವ ಬೊಂಬೆಯಿಂದ ತೂಕಡಿಸುವ ಬೊಂಬೆಯವರೆಗೆ. ನಿಮ್ಮ ಸ್ಥಿತಿಗೆ ಹೊಂದುವುದನ್ನು ಒಂಬತ್ತು ಮೆಟ್ಟಿಲುಗಳಲ್ಲಿ ಗುರುತಿಸಿ. ಉದ್ರೇಕ ಮತ್ತು ಹಿತ ಅಹಿತದ ಆ ಎರಡು ಗೆರೆಗಳೇ ಇಲ್ಲಿ ಚಿತ್ರವಾಗಿವೆ. ಭಾಷಣದ ನಂತರ ಮಾತ್ರ ಕೊಟ್ಟ ನಾಲ್ಕನೆಯ ಪ್ರಶ್ನಾವಳಿ ಒತ್ತಡದ ಬಗ್ಗೆಯೇ ಇತ್ತು. ಗೆಲ್ಲಬೇಕೆಂದು ಹಂಬಲಿಸಿದಿರಾ, ಬೇರೆಯವರು ನಿಮ್ಮ ಬಗ್ಗೆ ಏನೆಂದುಕೊಳ್ಳುತ್ತಾರೋ ಎಂಬ ಚಿಂತೆ ಕಾಡಿತೇ? ಇಡೀ ಕಡತದಲ್ಲಿ ನನಗೆ ಅತ್ಯಂತ ಬೆಲೆಬಾಳುವುದಾಗಿ ಕಾಣುವ ಪ್ರಶ್ನೆ ಈ ಕೊನೆಯದು. ಎದುರಿನ ಮೂವರನ್ನು ಕೂರಿಸಿದ ಉದ್ದೇಶ ಈಡೇರಿತೇ ಎಂದು ಅದು ನೇರವಾಗಿ ಕೇಳುತ್ತದೆ.

ಈಗ ಎರಡು ದಾಖಲೆಗಳ ಗಾತ್ರ ನೋಡಿ. ಹತ್ತು ನಿಮಿಷದ ಒತ್ತಡದ ಹಂತದಲ್ಲಿ ಎದೆಪಟ್ಟಿಯ ಒಂದೊಂದು ಚಾನೆಲ್ಲೂ 4,20,000 ಅಂಕಿ ಬರೆಯುತ್ತದೆ. ಅದೇ ಹತ್ತು ನಿಮಿಷದ ಬಗ್ಗೆ ಭಾಗವಹಿಸಿದವರ ಮಾತು ಕೆಲವೇ ಹತ್ತು ಗುರುತುಗಳು, ಅದೂ ಎಲ್ಲ ಮುಗಿದ ಮೇಲೆ. ಭಾಷಣದ ಎರಡನೆಯ ನಿಮಿಷದಲ್ಲಿ ನಾಲಗೆ ಒಣಗಿತ್ತೋ, ನಾಲ್ಕನೆಯ ನಿಮಿಷಕ್ಕೆ ಹುಮ್ಮಸ್ಸು ಬಂದಿತ್ತೋ, ಲೆಕ್ಕ ತಪ್ಪಿದಾಗ ನಗು ಬಂದಿತ್ತೋ, ಯಾವುದೂ ಆ ಗುರುತುಗಳಲ್ಲಿ ಬಿಡಿಯಾಗಿ ಸಿಗದು. ಜೊತೆಗೆ, ಒಬ್ಬರ 5 ಇನ್ನೊಬ್ಬರ 5 ಅಲ್ಲ. ಹೇಳಿಕೊಳ್ಳುವ ಸ್ವಭಾವದವರು ಇರುತ್ತಾರೆ, ಸಂಸ್ಥೆಯ ಹಿರಿಯರು ನೋಡಿಯಾರು ಎಂದು ಕಡಿಮೆ ಗುರುತಿಸುವವರೂ ಇರುತ್ತಾರೆ. ಇಷ್ಟೆಲ್ಲ ಕೊರತೆಯಿದ್ದರೂ, ಇದು ಅಹಿತವಾಗಿತ್ತು ಎಂದು ಹೇಳಬಲ್ಲ ಸಾಕ್ಷಿ ಈ ಪ್ರಯೋಗದಲ್ಲಿ ಇದೊಂದೇ.

ಎರಡು ಸಾಕ್ಷಿಗಳೂ ಒಂದೇ ಮಾತು ಹೇಳುತ್ತವೆ ಎಂದು ನಂಬುವಂತಿಲ್ಲ. ಜೋಹಾನಾ ಕ್ಯಾಂಪ್‌ಬೆಲ್ ಮತ್ತು ಉಲ್ರಿಕೆ ಎಲರ್ಟ್ 2012ರಲ್ಲಿ ಇದೇ ಟ್ರಿಯರ್ ಪರೀಕ್ಷೆ ಬಳಸಿದ ಅಧ್ಯಯನಗಳನ್ನು ಒರೆಗೆ ಹಚ್ಚಿದರು. ಕಾರ್ಟಿಸಾಲ್ ಏರಿಕೆಗೂ ಜನರು ತಾವೇ ಹೇಳಿಕೊಂಡ ಒತ್ತಡಕ್ಕೂ ಗಣನೀಯ ಸಂಬಂಧ ಕಂಡದ್ದು ಸುಮಾರು ಕಾಲು ಭಾಗ ಅಧ್ಯಯನಗಳಲ್ಲಿ ಮಾತ್ರ. ಮೈ ಕುದಿಯುತ್ತಿದ್ದರೂ ಏನೂ ಆಗಲಿಲ್ಲ ಎನ್ನುವವರಿದ್ದಾರೆ, ಮೈ ತಣ್ಣಗಿದ್ದರೂ ತುಂಬ ಕಷ್ಟವಾಯಿತು ಎನ್ನುವವರಿದ್ದಾರೆ. ಯಾರದೂ ಸುಳ್ಳಲ್ಲ. ಹಾರ್ಮೋನು, ನರ, ಅನುಭವ ಮೂರೂ ಬೇರೆ ಬೇರೆ ವೇಗದಲ್ಲಿ ನಡೆಯುತ್ತವೆ. ಬೆವರು ಸೆಕೆಂಡುಗಳಲ್ಲಿ ಬರುತ್ತದೆ, ಕಾರ್ಟಿಸಾಲ್ ತುದಿ ಮುಟ್ಟುವುದು ಪರೀಕ್ಷೆ ಮುಗಿದು ಹತ್ತಿಪ್ಪತ್ತು ನಿಮಿಷದ ಮೇಲೆ. ಅನುಭವವನ್ನು ನಾವು ಕೇಳುವುದು ಇವೆರಡರ ನಡುವೆ ಎಲ್ಲೋ. ವೆಸಾಡ್‌ನಲ್ಲಿ ಕಾರ್ಟಿಸಾಲ್ ಅಳೆದಿರಲೇ ಇಲ್ಲ, ಹಾಗಾಗಿ ಹೋಲಿಸಲು ಉಳಿದದ್ದು ಸಂಕೇತ ಮತ್ತು ಪ್ರಶ್ನಾವಳಿ ಎರಡೇ.

ಶೇ. 93 ಹುಟ್ಟಿದ ಬಗೆ

ಯಂತ್ರಕ್ಕೆ ಕಲಿಸುವಾಗ ಸಂಕೇತದ ತುಣುಕು ತುಣುಕಿಗೂ ಒಂದು ಹಣೆಪಟ್ಟಿ ಬೇಕು. ವೆಸಾಡ್‌ನಲ್ಲಿ ಆ ಹಣೆಪಟ್ಟಿ ಬಂದಿದ್ದು ವೇಳಾಪಟ್ಟಿಯಿಂದ. ಭಾಷಣ ಮತ್ತು ಲೆಕ್ಕದ ಹಂತದಲ್ಲಿ ದಾಖಲಾದ ಪ್ರತಿ ಅಂಕಿಗೂ 2 ಎಂಬ ಗುರುತು, ಅಂದರೆ ಒತ್ತಡ. ಓದಿನ ಹಂತಕ್ಕೆ 1, ವಿನೋದಕ್ಕೆ 3, ಧ್ಯಾನಕ್ಕೆ 4. ಪ್ರಶ್ನಾವಳಿಯನ್ನು ತಂಡ ಬಳಸಿದ್ದು, ಒಟ್ಟಾರೆಯಾಗಿ ಹಂತಗಳು ಅಂದುಕೊಂಡ ಪರಿಣಾಮ ಬೀರಿದವೇ ಎಂದು ತಾಳೆ ನೋಡಲು. ಬೀರಿದ್ದವು. ಹಾಗಾಗಿ ಅವರ ದಾರಿಯಲ್ಲಿ ಮೋಸವಿಲ್ಲ, ಎಲ್ಲವನ್ನೂ ಪ್ರಬಂಧದಲ್ಲಿ ಬಿಚ್ಚಿಟ್ಟಿದ್ದಾರೆ. ಆದರೆ ಯಂತ್ರ ಕಲಿತದ್ದು ಏನನ್ನು? ಈ ಮನುಷ್ಯ ಈಗ ಒತ್ತಡದಲ್ಲಿದ್ದಾನೆಯೇ ಎಂಬುದನ್ನಲ್ಲ, ಈ ಮನುಷ್ಯ ಈಗ ಮೂವರ ಮುಂದೆ ಭಾಷಣ ಮಾಡುತ್ತಿದ್ದಾನೆಯೇ ಅಥವಾ ಲೆಕ್ಕ ಒಪ್ಪಿಸುತ್ತಿದ್ದಾನೆಯೇ ಎಂಬುದನ್ನು.

ಎರಡಕ್ಕೂ ದೊಡ್ಡ ಅಂತರವಿದೆ. ಓದುವಾಗ, ವಿಡಿಯೊ ನೋಡುವಾಗ ಬಾಯಿ ಮುಚ್ಚಿರುತ್ತದೆ. ಭಾಷಣದಲ್ಲೂ ಲೆಕ್ಕದಲ್ಲೂ ಬಾಯಿ ತೆರೆದಿರುತ್ತದೆ. ಮಾತಾಡುವಾಗ ಉಸಿರು ಬೇಗ ಒಳಗೆಳೆದು ನಿಧಾನವಾಗಿ ಹೊರಬಿಡುತ್ತೇವೆ, ಅದರ ಲಯವೇ ಬೇರೆ. ಉಸಿರಿನ ಲಯ ಬದಲಾದರೆ ಹೃದಯ ಬಡಿತದ ಏರುಪೇರೂ ಬದಲಾಗುತ್ತದೆ, ಅವೆರಡೂ ಒಂದಕ್ಕೊಂದು ಕಟ್ಟಿಕೊಂಡಿವೆ. ಎದೆಪಟ್ಟಿಯಲ್ಲಿ ಉಸಿರಾಟದ ಸಂವೇದಕವೂ ಇಸಿಜಿಯೂ ಇದ್ದಾಗ ಯಂತ್ರಕ್ಕೆ ಮಾತು ಕೇಳಿಸಿದಷ್ಟೇ ಸಲೀಸಾಗಿ ಇದು ಗೊತ್ತಾಗುತ್ತದೆ. ಶೇ. 93ರಲ್ಲಿ ಎಷ್ಟು ಪಾಲು ಒತ್ತಡದ್ದು, ಎಷ್ಟು ಪಾಲು ಮಾತಿನದ್ದು ಎಂದು ಬೇರ್ಪಡಿಸಲು ಈ ವಿನ್ಯಾಸದಲ್ಲಿ ದಾರಿಯಿಲ್ಲ.

ದಾರಿ ಮಾಡಿಕೊಳ್ಳುವುದು ಹೇಗೆಂದು ಗೊತ್ತಿಲ್ಲದ್ದೇನಲ್ಲ. ಸೆರ್ಕನ್ ಹೆಟ್ ಮತ್ತು ಸಂಗಡಿಗರು, ಅವರಲ್ಲಿ ಮೂಲ ಪರೀಕ್ಷೆಯ ಕಿರ್ಷ್‌ಬಾಮ್ ಅವರೂ ಒಬ್ಬರು, 2009ರಲ್ಲಿ ಟ್ರಿಯರ್ ಪರೀಕ್ಷೆಯ ಸಪ್ಪೆ ರೂಪವೊಂದನ್ನು ಪ್ರಕಟಿಸಿದ್ದರು. ಅದರಲ್ಲಿಯೂ ನಿಂತು ಜೋರಾಗಿ ಮಾತಾಡಬೇಕು, ಲೆಕ್ಕವನ್ನೂ ಮಾಡಬೇಕು. ಆದರೆ ಕೋಣೆಯಲ್ಲಿ ಯಾರೂ ಇರುವುದಿಲ್ಲ, ಕ್ಯಾಮೆರಾ ಇರುವುದಿಲ್ಲ, ಲೆಕ್ಕವೂ ಸುಲಭದ ಕೂಡುವ ಲೆಕ್ಕ. ಮೂಲ ಪರೀಕ್ಷೆಯಂತೆ ಅದರಲ್ಲಿ ಕಾರ್ಟಿಸಾಲ್ ಏರಲಿಲ್ಲ. ವೆಸಾಡ್‌ನ ಸಹಜ ಸ್ಥಿತಿಯಲ್ಲಿ ಮೌನ ಓದಿನ ಜೊತೆಗೆ ಇಂಥದೊಂದು ಹತ್ತು ನಿಮಿಷವೂ ಇದ್ದಿದ್ದರೆ, ಬಂದ ಸಂಖ್ಯೆ 93ಕ್ಕಿಂತ ಕಡಿಮೆಯಾಗುತ್ತಿತ್ತು ಎಂಬುದು ನನ್ನ ಅಂದಾಜು. ಆದರೆ ಹೆಚ್ಚು ಬೆಲೆಬಾಳುತ್ತಿತ್ತು.

ಇನ್ನೊಂದು ಲೆಕ್ಕವನ್ನೂ ಇಲ್ಲೇ ಮುಗಿಸೋಣ. ಹಂತಗಳ ಅವಧಿ ಒಂದೇ ಸಮನಿಲ್ಲ. ಓದು 20 ನಿಮಿಷ, ವಿನೋದ ಆರೂವರೆ, ಒತ್ತಡ ಸುಮಾರು ಹತ್ತು. ಒತ್ತಡವಲ್ಲದ್ದರ ಪಾಲು ಹತ್ತಿರ ಹತ್ತಿರ ಶೇ. 70. ಏನನ್ನೂ ಕಲಿಯದೆ, ಎಲ್ಲದಕ್ಕೂ ಒತ್ತಡವಿಲ್ಲ ಎಂದು ಕಣ್ಣು ಮುಚ್ಚಿ ಹೇಳುವ ಯಂತ್ರಕ್ಕೂ 70 ಅಂಕ ಸಿಗುತ್ತದೆ. 93ನ್ನು ಅಳೆಯಬೇಕಾದ್ದು ಸೊನ್ನೆಯಿಂದಲ್ಲ, ಈ 70ರಿಂದ.

ತಂಡ ಎಚ್ಚರ ವಹಿಸಿದ ಒಂದು ಕಡೆಯನ್ನು ಮೆಚ್ಚಿಕೊಂಡೇ ಹೇಳಬೇಕು. ಹದಿನಾಲ್ಕು ಜನರ ದತ್ತಾಂಶದಿಂದ ಕಲಿಸಿ, ಯಂತ್ರ ಕಂಡೇ ಇರದ ಹದಿನೈದನೆಯವರ ಮೇಲೆ ಪರೀಕ್ಷಿಸಿದರು. ಹೀಗೆ ಒಬ್ಬೊಬ್ಬರನ್ನೂ ಸರದಿಯಂತೆ ಹೊರಗಿಟ್ಟರು. ಇದು ಯಾಕೆ ಮುಖ್ಯವೆಂದರೆ, ಸಂಕೇತವನ್ನು ಅವರು 60 ಸೆಕೆಂಡಿನ ಕಿಟಕಿಗಳಾಗಿ ಕತ್ತರಿಸಿದ್ದರು, ಪ್ರತಿ ಕಿಟಕಿಯೂ ಹಿಂದಿನದಕ್ಕಿಂತ ಕಾಲು ಸೆಕೆಂಡು ಮಾತ್ರ ಮುಂದೆ. ಅಂದರೆ ಅಕ್ಕಪಕ್ಕದ ಎರಡು ಕಿಟಕಿಗಳಲ್ಲಿ 59.75 ಸೆಕೆಂಡು ಒಂದೇ ದತ್ತಾಂಶ. ಇವನ್ನೆಲ್ಲ ಒಟ್ಟಿಗೆ ಕಲಸಿ, ಕಣ್ಣು ಮುಚ್ಚಿ ಎಂಬತ್ತು ಭಾಗ ಕಲಿಕೆಗೆ, ಇಪ್ಪತ್ತು ಭಾಗ ಪರೀಕ್ಷೆಗೆ ಎಂದು ಹಂಚಿದರೆ, ಪರೀಕ್ಷೆಯ ಕಿಟಕಿಗಳ ಅವಳಿ ಜವಳಿಗಳೆಲ್ಲ ಕಲಿಕೆಯಲ್ಲೇ ಸಿಕ್ಕಿಬಿಡುತ್ತವೆ. ಆಗ ಶೇ. 99 ಬಂದರೆ ಆಶ್ಚರ್ಯವಿಲ್ಲ, ಅದಕ್ಕೆ ಅರ್ಥವೂ ಇಲ್ಲ. ವೆಸಾಡ್ ಮೇಲೆ 99 ಬಂದಿದೆ ಎಂದು ಯಾರಾದರೂ ತೋರಿಸಿದರೆ, ಯಾವ ಅಲ್ಗಾರಿದಮ್ ಎಂದು ಕೇಳುವ ಮುಂಚೆ, ಜನರನ್ನು ಬೇರ್ಪಡಿಸಿ ಹಂಚಿದಿರೋ ಕಿಟಕಿಗಳನ್ನು ಕಲಸಿ ಹಂಚಿದಿರೋ ಎಂದು ಕೇಳಬೇಕು. ಪ್ರಾಜೆಕ್ಟ್ ವೈವಾದಲ್ಲಿ ಈ ಒಂದು ಪ್ರಶ್ನೆ ಕೇಳಿದರೆ ಎಷ್ಟೋ ವರದಿಗಳು ಮತ್ತೆ ಬರೆಯಿಸಿಕೊಳ್ಳುತ್ತವೆ.

ಪ್ರಯೋಗಾಲಯದಿಂದ ಆಫೀಸಿಗೆ

ಇಷ್ಟು ವಿವರಕ್ಕೆ ಇಳಿದದ್ದು ಅಂಕದ ಮೇಲಿನ ಹಟದಿಂದಲ್ಲ. ಮಣಿಕಟ್ಟಿನ ಪಟ್ಟಿಯನ್ನು ನೌಕರರಿಗೆ ಕಟ್ಟಿ ಒತ್ತಡ ನೋಡುತ್ತೇವೆ, ವಿದ್ಯಾರ್ಥಿಗಳಿಗೆ ಕಟ್ಟಿ ಆತಂಕ ನೋಡುತ್ತೇವೆ ಎನ್ನುವ ಪ್ರಸ್ತಾಪಗಳಿಗೆ ಆಧಾರ ಇಂಥ ಪ್ರಯೋಗಗಳೇ. ಅಲ್ಲಿ ಕುಳಿತವರು ಕಾಫಿ ಕುಡಿದಿರುತ್ತಾರೆ, ಮೆಟ್ಟಿಲು ಹತ್ತಿ ಬಂದಿರುತ್ತಾರೆ, ಬಿ.ಪಿ. ಮಾತ್ರೆ ನುಂಗಿರುತ್ತಾರೆ, ಫೋನಿನಲ್ಲಿ ಅರ್ಧ ಗಂಟೆ ಮಾತಾಡಿರುತ್ತಾರೆ. ಮಾತಾಡುವುದನ್ನೇ ಒತ್ತಡವೆಂದು ಕಲಿತ ಯಂತ್ರ ಕಾಲ್ ಸೆಂಟರಿನವರ ಬಗ್ಗೆ ದಿನವಿಡೀ ಏನು ಹೇಳೀತು? ವ್ಯಕ್ತಿ ನಾನು ಚೆನ್ನಾಗಿದ್ದೇನೆ ಎನ್ನುತ್ತಾರೆ, ಪರದೆ ಕೆಂಪು ತೋರಿಸುತ್ತದೆ. ಯಾರ ಮಾತು ನಡೆಯಬೇಕು? ನನಗಂತೂ ಇದರಲ್ಲಿ ಅನುಮಾನವಿಲ್ಲ. ತನ್ನ ಅನುಭವದ ವಿಷಯದಲ್ಲಿ ಮನುಷ್ಯ ಆಡಿದ ಮಾತನ್ನು ಸಂಕೇತದಿಂದ ರದ್ದು ಮಾಡುವ ಹಕ್ಕು ಮೇಲಧಿಕಾರಿಗೆ ಇರಕೂಡದು. ಸಂಕೇತ ವೈದ್ಯರ ಕೈಯಲ್ಲಿ ಇನ್ನೊಂದು ಪ್ರಶ್ನೆ ಕೇಳಲು ನೆಪವಾಗಬಹುದು, ಆಫೀಸಿನಲ್ಲಿ ತೀರ್ಪಾಗಬಾರದು.

ಯುರೋಪಿನಲ್ಲಿ ಕಾನೂನೂ ಇದೇ ಕಡೆಗೆ ಬಂದಿದೆ. ಐರೋಪ್ಯ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆ ಕಾಯ್ದೆ, ಕೆಲಸದ ಜಾಗದಲ್ಲೂ ಶಿಕ್ಷಣ ಸಂಸ್ಥೆಗಳಲ್ಲೂ ಮೈಯ ಗುರುತುಗಳಿಂದ ಜನರ ಭಾವನೆ ಊಹಿಸುವ ವ್ಯವಸ್ಥೆಗಳನ್ನು ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಕ್ಕೆ ಮಾತ್ರ ವಿನಾಯಿತಿ. 2025ರ ಫೆಬ್ರವರಿ 2ರಿಂದ ಈ ನಿಷೇಧ ಜಾರಿಯಲ್ಲಿದೆ. ವೆಸಾಡ್ ನಡೆದ ಜರ್ಮನಿಗೂ ಇದು ಅನ್ವಯಿಸುತ್ತದೆ.

ಈ ದತ್ತಾಂಶವನ್ನು ಬಳಸಲು ಹೊರಟಿರುವ ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ಒಬ್ಬೊಬ್ಬರ ಫೋಲ್ಡರ್‌ನಲ್ಲೂ ಹೊಂದಿಸಿಟ್ಟ ಸಂಕೇತಗಳ ದೊಡ್ಡ ಕಡತದ ಜೊತೆ ಎರಡು ಪುಟ್ಟ ಕಡತಗಳಿವೆ. ಒಂದು ರೀಡ್‌ಮಿ. ಇವತ್ತು ಕಾಫಿ ಕುಡಿದಿರಾ, ಕಳೆದ ಒಂದು ಗಂಟೆಯಲ್ಲಿ ಕುಡಿದಿರಾ, ವ್ಯಾಯಾಮ ಮಾಡಿದಿರಾ, ಸಿಗರೇಟು ಸೇದುತ್ತೀರಾ, ಮೈ ಹುಷಾರಿಲ್ಲವೇ ಎಂಬ ಪ್ರಶ್ನೆಗಳಿಗೆ ಆ ದಿನ ಅವರು ಕೊಟ್ಟ ಉತ್ತರ ಅದರಲ್ಲಿದೆ. ಇನ್ನೊಂದು ಪ್ರಶ್ನಾವಳಿಯ ಕಡತ. ಬಹಳಷ್ಟು ಜನ ದೊಡ್ಡ ಕಡತವನ್ನು ನೇರ ಪೈಥಾನ್ ಪ್ರೋಗ್ರಾಂಗೆ ಎಳೆದುಕೊಂಡು, ಉಳಿದೆರಡನ್ನು ತೆರೆಯುವುದೇ ಇಲ್ಲ. ಮೊದಲು ಅವನ್ನು ತೆರೆಯಿರಿ. ಭಾಷಣದ ನಂತರದ ಆತಂಕದ ಅಂಕವನ್ನು ಓದಿನ ನಂತರದ ಅಂಕದ ಪಕ್ಕದಲ್ಲಿ, ಒಬ್ಬೊಬ್ಬರದಾಗಿ ಬರೆದುಕೊಳ್ಳಿ. ವ್ಯತ್ಯಾಸ ಎಲ್ಲರಲ್ಲೂ ಒಂದೇ ಅಲ್ಲ ಎಂದು ಕಾಣುತ್ತದೆ. ಆಮೇಲೆ ಯಂತ್ರದ ನಿಖರತೆಯನ್ನೂ ಸರಾಸರಿ ಮಾಡದೆ ಹದಿನೈದು ಸಾಲಾಗಿ ಅದರ ಪಕ್ಕದಲ್ಲೇ ಬರೆಯಿರಿ. ಯಂತ್ರ ಎಡವಿದ್ದು ಯಾರಲ್ಲಿ? ಒತ್ತಡವೇ ಆಗಲಿಲ್ಲ ಎಂದವರಲ್ಲೋ, ತುಂಬ ಆಯಿತು ಎಂದವರಲ್ಲೋ? ವರದಿಯಲ್ಲಿ ಒಂದೇ ಕೋಷ್ಟಕಕ್ಕೆ ಜಾಗವಿದ್ದರೆ ಆ ಕೋಷ್ಟಕವನ್ನೇ ಹಾಕಿ.